ಮಾಮಿಯ ಕೋಸಂಬರಿ ಬಟ್ಟಲು

ಕಾರ್ಕಳದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ಮೇಲೆ ನನಗೊಂದು ಚಾಳಿ ಅಂಟಿಕೊಂಡಿದೆ. ಪರೀಕ್ಷೆಯ ಕೋಣೆಗೆ ಕಾಲಿಟ್ಟ ಕೂಡಲೇ ಯಾರ ಅಂಗಿಯ ತೋಳಿನೊಳಗೆ ಚೀಟಿ ಇದೆ ಎಂದು ಮುಖ ನೋಡಿಯೇ ಹೇಳುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತದೆ. ತಪ್ಪಾಗುವ ಆ ಒಂದು ಸಲದ ಬಗ್ಗೆ ನಾನು ತಲೆ ಕೆಡಿಸಿಕೊಂಡವಳಲ್ಲ. ಈ ಚಾಳಿಯನ್ನು ಬಸ್ಸಿನಲ್ಲೇ ಬಿಟ್ಟು ಕಾಪುವಿನ ಮನೆಗೆ ಬರಬೇಕಿತ್ತು, ಅದಾಗಲಿಲ್ಲ.

ಮನೆಯಲ್ಲಿ ಗಂಡನ ತಾಯಿ ಇದ್ದಾರೆ. ನಾವು ತುಳುವಿನವರು, ಅತ್ತೆಗೆ ಮಾಮಿ ಎನ್ನುತ್ತೇವೆ. ಹಿತ್ತಿಲಿನ ಮಲ್ಲಿಗೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಿ ಹೂವಿನವನಿಗೆ ಕೊಡುವುದು ಮದುವೆಯಾಗಿ ಬಂದಂದಿನಿಂದ ಮಾಮಿಯ ಕೆಲಸ. ಕಳೆದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಮೊಗ್ಗು ಯಾವುದು, ಎಲೆ ಯಾವುದು ಎಂದು ಬೆರಳಿನಿಂದ ಮುಟ್ಟಿ ನೋಡುವ ಹಾಗಾಯಿತು. ಆಪರೇಷನ್ ಮಾಡಬಹುದು, ಆದರೆ ಮೊದಲು ಶುಗರ್ ಇಳಿಯಬೇಕು ಎಂದರು ಮಣಿಪಾಲದ ಡಾಕ್ಟರು. ಊಟದ ಪಟ್ಟಿ ಬರೆದುಕೊಟ್ಟ ಅಲ್ಲಿನ ಡಯಟಿಷಿಯನ್ ಮಧ್ಯಾಹ್ನಕ್ಕೆ ಒಂದು ಬಟ್ಟಲು ಸಲಾಡ್ ಎಂದು ಬರೆದು ಅಡಿಗೆರೆ ಎಳೆದಳು.

ಸಲಾಡ್ ಎಂದ ಕೂಡಲೇ ಮಾಮಿಯ ಹುಬ್ಬು ಗಂಟಾಯಿತು. ಅವರಿಗೆ ಸಲಾಡ್ ಎಂದರೆ ಉಡುಪಿಯ ಹೋಟೆಲಿನಲ್ಲಿ ಊಟದ ಜೊತೆ ತಂದಿಡುವ ಈರುಳ್ಳಿ ಬಿಲ್ಲೆ, ಮೇಲೊಂದು ಒಣಗಿದ ನಿಂಬೆ ಹೋಳು. ಯಾವಾಗ ಹೆಚ್ಚಿದ್ದೋ, ಯಾರ ಎಂಜಲೋ ಎಂದು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಮನೆಯ ಕ್ರೈಸ್ತ ಹೆಂಗಸನ್ನು ನಾವು ಬಾಯಮ್ಮ ಎಂದು ಕರೆಯುತ್ತೇವೆ. ಅವರ ಮನೆಯಲ್ಲಿ ಅದರ ಹೆಸರು ಸಲಾದ್, ವಿನೆಗರ್ ಹಾಕುತ್ತಾರೆ. ಅದರ ವಾಸನೆಗೂ ಮಾಮಿ ಮೂಗು ಮುರಿಯುತ್ತಿದ್ದರು. ನಾನು ಕನ್ನಡ ಕಲಿಸುವವಳಲ್ಲವೇ, ಹೆಸರು ಬದಲಿಸುವ ಉಪಾಯ ಹೊಳೆಯಿತು. ಮುಳ್ಳುಸೌತೆ ಹೆಚ್ಚಿ, ನೆನೆದ ಹೆಸರುಬೇಳೆ ಬೆರೆಸಿ, ತೆಂಗಿನಕಾಯಿ ತುರಿದು ಸಾಸಿವೆ ಒಗ್ಗರಣೆ ಕೊಟ್ಟೆ. ಇದು ಕೋಸಂಬರಿ, ಮೊಸರು ಬಿದ್ದರೆ ಪಚಡಿ, ಡಾಕ್ಟರು ಹೇಳಿದ್ದೂ ಇದನ್ನೇ ಎಂದೆ. ಮಾಮಿ ಮೂಸಿ ನೋಡಿ ಒಪ್ಪಿದರು.

ದಿನಾ ಬೆಳಿಗ್ಗೆ ಬಟ್ಟಲು ತುಂಬಿಸಿಟ್ಟು, ಪಕ್ಕದಲ್ಲಿ ಚಿಟಿಕೆ ಉಪ್ಪು ಬೇರೆಯಾಗಿಟ್ಟು, ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ ಶಾಲೆಗೆ ಹೋಗುತ್ತಿದ್ದೆ. ಗಂಡ ಉಡುಪಿಯ ಅಂಗಡಿಗೆ ಹೋಗುವವರು, ಮಧ್ಯಾಹ್ನ ಮಾಮಿ ಒಬ್ಬರೇ. ಸಂಜೆ ಬಂದು ನೋಡಿದರೆ ಬಟ್ಟಲು ತೊಳೆದು ಕವುಚಿಟ್ಟಿರುತ್ತಿತ್ತು. ಒಂದು ದಿನವೂ ಒಂದು ಬೇಳೆ ಉಳಿಯಲಿಲ್ಲ. ಇಷ್ಟೊಂದು ವಿಧೇಯತೆ ನನಗೆ ಸರಿಕಾಣಲಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಬರೆದು ಬೇಗ ಎದ್ದು ಹೋಗುವ ಹುಡುಗರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ.

ತಿಂಗಳು ಕಳೆದು ರಕ್ತ ಕೊಟ್ಟರೆ ಶುಗರ್ ಏರಿತ್ತು.

ಅಲ್ಲಿಗೆ ನನ್ನ ಪತ್ತೇದಾರಿ ಶುರುವಾಯಿತು. ಮೊದಲು ಬಾಯಮ್ಮನ ಮೇಲೆ ಸಂಶಯ ಬಂತು. ಅವರ ಮಗಳು ಗಲ್ಫಿನಿಂದ ಬಂದಿದ್ದಳು, ಮನೆ ತುಂಬ ಖರ್ಜೂರ ಮತ್ತು ಚಾಕಲೇಟು. ಬೇಲಿಯ ಬಳಿ ನಿಂತು ಮಾತಿಗೆಳೆದೆ, ಏನೂ ಸಿಗಲಿಲ್ಲ. ಹೂವಿನವನನ್ನು ಕೇಳಿದೆ, ಅವನು ಪಿಳಿಪಿಳಿ ನೋಡಿದ. ಅನ್ನದ ಪಾತ್ರೆ ಬೇಗ ಖಾಲಿಯಾಗುವುದು ಕಣ್ಣಿಗೆ ಬಿದ್ದಿತ್ತು, ಮಾಮಿ ಅದನ್ನು ಬಾಯಮ್ಮನ ಕೋಳಿಗಳಿಗೆ ಹಾಕುತ್ತಿದ್ದಾರೆ ಎಂದುಕೊಂಡೆ. ಒಂದು ಭಾನುವಾರ ಮಾಮಿ ಸ್ನಾನಕ್ಕೆ ಹೋದಾಗ ಅವರ ಮರದ ಪೆಟ್ಟಿಗೆ ತೆರೆದೆ. ಸೀರೆಗಳ ಮಡಿಕೆಯೊಳಗೆ ಕೈ ಹಾಕಿ ಹುಡುಕಿದೆ. ಎರಡು ಕಟ್ಟು ಬಾಳೆನಾರು, ಒಂದು ಕತ್ತರಿ, ತೀರಿಹೋದ ಮಾವನ ಕನ್ನಡಕ. ಒಂದು ಲಾಡಿನ ಪುಡಿಯೂ ಇರಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು. ಬೇರೆಲ್ಲೋ ಅಡಗಿಸಿದ್ದಾರೆ ಎಂದುಕೊಂಡು ಮರುದಿನದಿಂದ ಕೋಸಂಬರಿಯ ಬಟ್ಟಲನ್ನು ದೊಡ್ಡದು ಮಾಡಿದೆ. ಹೊಟ್ಟೆ ಅದರಲ್ಲೇ ತುಂಬಿದರೆ ಕದ್ದು ತಿನ್ನಲು ಜಾಗ ಎಲ್ಲಿ ಎಂಬ ಲೆಕ್ಕಾಚಾರ.

ಮುಂದಿನ ಪರೀಕ್ಷೆಯಲ್ಲಿ ಶುಗರ್ ಇನ್ನೂ ಮೇಲೆ. ಡಾಕ್ಟರು ಆಪರೇಷನ್ ಮುಂದೆ ಹಾಕಿದರು. ಮಣಿಪಾಲದಿಂದ ಇಳಿಯುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ನಾನಿಲ್ಲದಾಗ ಏನು ತಿನ್ನುತ್ತೀರಿ ಎಂದು ಕೇಳಿಯೇ ಬಿಟ್ಟೆ. ಮಾಮಿ ಕಿಟಕಿಯ ಕಡೆ ತಿರುಗಿದ್ದರು. ಹೊರಗಿನದು ಅವರಿಗೆ ಕಾಣುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

"ಕಣ್ಣು ಬೇಕಾದದ್ದು ನನಗೆ. ನಾನು ಕದ್ದು ಎಂತ ತಿನ್ನುವುದು?" ಎಂದರು.

ಚೀಟಿ ಇಟ್ಟುಕೊಂಡವರೂ ಹೀಗೇ ಮಾತಾಡುತ್ತಾರೆ ಎಂದು ನಾನು ಒಳಗೊಳಗೇ ಅಂದುಕೊಂಡೆ.

ಒಂದು ದಿನ ಮಕ್ಕಳ ಕ್ರೀಡಾಕೂಟವೆಂದು ಶಾಲೆ ಬೇಗ ಬಿಟ್ಟಿತು. ಫೋನು ಮಾಡದೆ ಮನೆಗೆ ಬಂದೆ, ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟೆ, ಸದ್ದಾಗದಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಮಾಮಿ ನೆಲದಲ್ಲಿ ಕುಳಿತು ಊಟ ಮಾಡುತ್ತಿದ್ದರು. ಬಟ್ಟಲಿನಲ್ಲಿ ನನ್ನ ಕೋಸಂಬರಿ, ತಟ್ಟೆಯಲ್ಲಿ ಗುಡ್ಡದಷ್ಟು ಕುಚ್ಚಲಕ್ಕಿ ಅನ್ನ. ಚಿಟಿಕೆ ಕೋಸಂಬರಿಗೆ ದೊಡ್ಡದೊಂದು ತುತ್ತು ಅನ್ನ. ತಿಂದು ತಿಂದು ಸುಸ್ತಾದವರ ಹಾಗೆ ನಡುವೆ ನಿಲ್ಲಿಸಿ, ಉಸಿರು ಬಿಟ್ಟು, ಮತ್ತೆ ಕೈ ಹಾಕುತ್ತಿದ್ದರು. ಹೊಟ್ಟೆಬಾಕತನ ಅಲ್ಲಿರಲಿಲ್ಲ.

ಇಷ್ಟು ಅನ್ನ ಯಾಕೆ ಮಾಮಿ ಎಂದು ಕೇಳಿದೆ. ಅವರು ಬೆಚ್ಚಿದರು, ಆಮೇಲೆ ನನ್ನ ಸ್ವರ ಗುರುತು ಹಿಡಿದರು.

"ಇಷ್ಟು ಕೋಸಂಬರಿ ಮುಗಿಯುವುದು ಬೇಡವಾ? ಬರೀ ಪದಾರ್ಥ ತಿನ್ನಲಿಕ್ಕೆ ಆಗ್ತದಾ? ಮೊದಲಿನ ಬಟ್ಟಲು ಎರಡು ಸೌಟು ಹೆಚ್ಚು ಅನ್ನದಲ್ಲಿ ಮುಗಿಯುತ್ತಿತ್ತು. ಈಗ ನೀನು ಬಟ್ಟಲು ದೊಡ್ಡದು ಮಾಡಿದ್ದಿ."

ನಾನು ಅಲ್ಲೇ ಕುಳಿತೆ. ನಮ್ಮಲ್ಲಿ ಅನ್ನ ಬಿಟ್ಟು ಬರೀ ಪದಾರ್ಥ, ಅಂದರೆ ಅನ್ನದ ಜೊತೆಗಿನ ಪಲ್ಯ, ಕೋಸಂಬರಿಗಳನ್ನು ತಿನ್ನುವವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಕೋಸಂಬರಿಯನ್ನಷ್ಟೇ ಆರಿಸಿ ತಿಂದು ಅಮ್ಮನಿಂದ ಕೈಗೆ ಏಟು ತಿಂದವಳು ನಾನು. ಊಟದಲ್ಲಿ ಅದು ಎಲೆಯ ತುದಿಗೆ ಒಂದು ಚಮಚ ಬಡಿಸುವ ವಸ್ತು. ಬಟ್ಟಲುಗಟ್ಟಲೆ ಕೊಡುವಾಗ ಅನ್ನ ಕಡಿಮೆ ಮಾಡಿ ಎಂದು ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಕದ್ದ ಲಾಡು ಹುಡುಕಿದೆ, ಎದುರಿಗೇ ಇದ್ದ ಅನ್ನವನ್ನು ಕೋಳಿಗಳ ಲೆಕ್ಕಕ್ಕೆ ಹಾಕಿದೆ.

ಅಂದಿನಿಂದ ಅನ್ನ ಒಂದೇ ಸೌಟು, ಕೋಸಂಬರಿ ಮೊದಲು. ಬರೀ ಕೋಸಂಬರಿ ತಿನ್ನಲು ಮಾಮಿಗೆ ನಾಚಿಕೆ. ರಜೆಯ ದಿನ ನಾನೂ ಬಟ್ಟಲು ಹಿಡಿದು ಎದುರಿಗೆ ಕುಳಿತು ಹೊಟ್ಟೆಬಾಕಿಯಾದೆ. ಮೂರು ತಿಂಗಳಿಗೆ ಶುಗರ್ ಇಳಿಯಿತು, ಮೊದಲ ಕಣ್ಣಿನ ಆಪರೇಷನ್ ಆಯಿತು.

ಹೂ ಕಟ್ಟಲು ಮತ್ತೆ ಕುಳಿತ ದಿನ ಮಾಮಿ ಪೆಟ್ಟಿಗೆಯಿಂದ ನಾರು ತೆಗೆಯುತ್ತಾ, ತಲೆ ಎತ್ತದೆಯೇ ಹೇಳಿದರು. "ಇದನ್ನು ನಾನು ಎಡಬದಿಯಲ್ಲಿ ಇಡುವುದು. ಆವತ್ತು ಬಲಬದಿಯಲ್ಲಿ ಕೈಗೆ ಸಿಕ್ಕಿತು. ನೀನು ಹುಡುಕಿದ್ದು ಅಂತ ಗೊತ್ತಾಯಿತು."

ಗೊತ್ತಿದ್ದೂ ಒಂದು ಮಾತು ಯಾಕೆ ಕೇಳಲಿಲ್ಲ ಎಂದೆ.

"ಕೇಳಿ ಎಂತ ಮಾಡುವುದು? ಮಣಿಪಾಲಕ್ಕೆ ಕೈ ಹಿಡಿದು ಕರೆದುಕೊಂಡು ಹೋಗಬೇಕಾದವಳು ನೀನೇ ಅಲ್ವಾ?" ಎಂದು ಮಾಮಿ ಮೊಗ್ಗು ಎತ್ತಿಕೊಂಡರು.