ಜುಮ್ರಾ ಟೀಚರ ಶನಿವಾರದ ಆಟ

ಬೋಸ್ನಿಯಾದ ಆ ಸಣ್ಣ ಪೇಟೆಯಲ್ಲಿ ಸ್ಕೂಲು ಒಂದೇ, ಬಾಗಿಲು ಎರಡು. ಕ್ರೊಯಾಟ್ ಕ್ರೈಸ್ತರ ಮಕ್ಕಳು ಬೆಳಗ್ಗೆ ಒಂದು ಬಾಗಿಲಿಂದ ಬಂದು ಹೋದ ಮೇಲೆ, ಮಧ್ಯಾಹ್ನ ಇನ್ನೊಂದರಿಂದ ಮುಸ್ಲಿಮರ ಮಕ್ಕಳು ಬರಬೇಕು. ಅಂಗಳದ ನಡುವೆ ಬೇಲಿ. ಯುದ್ಧ ಮುಗಿದು ಒಂಬತ್ತು ವರ್ಷವಾದರೂ ಬೇಲಿಗೆ ಬಣ್ಣ ಬಳಿಯುವುದು ತಪ್ಪಿರಲಿಲ್ಲ. ಒಡೆದ ಕಿಟಕಿಗೆ ಗಾಜು ಹಾಕಿಸಲು ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಮಧ್ಯಾಹ್ನದ ಮಕ್ಕಳಿಗೆ ವ್ಯಾಯಾಮ ಕಲಿಸುವ ಜುಮ್ರಾ ಹಟದ ಹೆಂಗಸು. ಶನಿವಾರ ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಆಡಿಸುತ್ತೇನೆಂದು ಎರಡು ವರ್ಷ ಬೆಳಗಿನ, ಮಧ್ಯಾಹ್ನದ ಇಬ್ಬರು ಹೆಡ್‌ಮಾಸ್ತರರ ಹೊಸ್ತಿಲು ಸವೆಸಿದಳು. ಕೊನೆಗೆ ಷರತ್ತಿನ ಮೇಲೆ ಒಪ್ಪಿದರು: ಪ್ರತಿ ಮಗುವಿನ ಮನೆಯವರೂ ಸಹಿ ಹಾಕಬೇಕು, ಒಬ್ಬರು ಸಹಿ ಹಿಂದಕ್ಕೆ ತೆಗೆದುಕೊಂಡರೂ ಆಟ ಬಂದ್.

ಸೋಲು ಗೆಲುವಿಲ್ಲದ ಆಟಗಳು. ಹನ್ನೆರಡು ಮಕ್ಕಳು ದೊಡ್ಡ ಬಟ್ಟೆಯ ಅಂಚು ಹಿಡಿದು, ಮೇಲಿನ ಚೆಂಡು ಬೀಳದಂತೆ ಕುಣಿಸಬೇಕು. ಮೊದಲ ವಾರ ಇವರು ಎತ್ತಿದರೆ ಅವರು ಇಳಿಸಿದರು. ಐದನೇ ವಾರದ ಹೊತ್ತಿಗೆ ಚೆಂಡು ಬಿದ್ದರೆ ಎಲ್ಲರೂ ಸೇರಿ ಚೆಂಡನ್ನೇ ಬೈಯುತ್ತಿದ್ದರು. ಜುಮ್ರಾಗೆ ಹೊಟ್ಟೆ ತುಂಬಿದಂತಾಯಿತು.

ಆರನೇ ಶನಿವಾರ ಅರ್ಧ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿದಳು. ಆಚೆ ಕಡೆಯ ಮಗು ಕೈ ಹಿಡಿದು ಸ್ಕೂಲಿನ ವ್ಯಾಯಾಮದ ಹಾಲ್ ಸುತ್ತಿಸಬೇಕು, ಅಷ್ಟೇ ಆಟ. ಹತ್ತು ವರ್ಷದ ಬೆಲ್ಮಾಳನ್ನು ಕ್ರೆಶೊ ಎಂಬ ಕ್ರೊಯಾಟ್ ಹುಡುಗ ಜೋಪಾನವಾಗಿ ನಡೆಸುತ್ತಿದ್ದ. ಮಗಳನ್ನು ಕರೆದೊಯ್ಯಲು ಬಂದ ಬೆಲ್ಮಾಳ ಅಪ್ಪ ರಿಫೆತ್ ಬಾಗಿಲಲ್ಲೇ ಬಿಳಿಚಿಕೊಂಡು ನಿಂತ. ಆಮೇಲೆ ಒಳಗೆ ಬಂದು, ಅವಳ ಕಣ್ಣಿನ ಬಟ್ಟೆ ಬಿಚ್ಚಿ, ಎಳೆದುಕೊಂಡು ಹೋದ.

ಜುಮ್ರಾಗೆ ಹೊಳೆದದ್ದು ಆಗ. ತೊಂಬತ್ತಮೂರರಲ್ಲಿ, ಯುದ್ಧದ ನಡುವೆ, ಕ್ರೊಯಾಟ್ ಸೈನಿಕರು ಪೇಟೆಯ ಮುಸ್ಲಿಂ ಗಂಡಸರನ್ನು ಕಣ್ಣು ಕಟ್ಟಿ ತಂದು ಕೂಡಿಹಾಕಿದ್ದು ಇದೇ ಹಾಲ್‌ನಲ್ಲಿ. ರಿಫೆತ್ ಇದ್ದ, ಜುಮ್ರಾಳ ಅಣ್ಣ ನೆಜಾದ್ ಇದ್ದ. ರಿಫೆತ್ ಬದುಕಿ ಬಂದ, ಅಣ್ಣ ಬರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಗಂಟು ಹಾಕುವ ತನ್ನ ಕೈಗೆ ಗೊತ್ತಾಗಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಅವನ ಮನೆಗೆ ಹೋದಳು. ಬಾಗಿಲು ಹಾಕಿಕೊಂಡಾನು ಎಂದುಕೊಂಡಿದ್ದಳು. ಆದರೆ ಬಂದವರಿಗೆ ಕಾಫಿ ಕೊಡದೆ ಕಳಿಸುವಷ್ಟು ಅಲ್ಲಿ ಯಾರೂ ಕೆಟ್ಟಿಲ್ಲ. ಹೆಂಡತಿ ಕಾಫಿ ಇಟ್ಟು ಒಳಗೆ ಹೋದಳು. ಜುಮ್ರಾ ತಪ್ಪಾಯಿತೆಂದಳು, ಆ ಆಟ ಇನ್ನೆಂದೂ ಆಡಿಸುವುದಿಲ್ಲ, ಸಹಿಯೊಂದನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ ಎಂದು ಕೇಳಿಕೊಂಡಳು.

ರಿಫೆತ್ ಲೋಟ ತಿರುಗಿಸುತ್ತಾ ಕೂತಿದ್ದ. "ನೆಜಾದ್ ನನ್ನ ಪಕ್ಕದಲ್ಲೇ ಕೂತಿದ್ದ ಟೀಚರ್. ನಿಮ್ಮ ಒಡಹುಟ್ಟಿದವನು. ನಿಮಗೆ ಹೇಗೆ ಮರೆತುಹೋಯ್ತು?"

ಏನಾದರೊಂದು ಸುಳ್ಳು ಹೇಳಬಹುದಿತ್ತು. ಅವಳಿಂದಾಗಲಿಲ್ಲ.

"ಮಕ್ಕಳು ನಗ್ತಾ ಇದ್ರು. ಆ ಒಂದು ಗಂಟೆ ಮರೆತೇಬಿಟ್ಟೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು."

"ಅದಕ್ಕೇ ಕಳಿಸಲ್ಲ," ಎಂದ ರಿಫೆತ್. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿಗೆ ಬಂದ್ರೆ ನನ್ನ ಮಗಳೂ ಮರೀತಾಳೆ."

ಮರೆಯಲಿ ಎಂದೇ ಅಲ್ಲವೇ ಆಡಿಸಿದ್ದು ಎನ್ನಲು ಜುಮ್ರಾ ಬಾಯಿ ತೆರೆದಳು. ಅಷ್ಟರಲ್ಲಿ ಅಣ್ಣನ ಮುಖ ನೆನಪಿಸಿಕೊಳ್ಳಲು ಹೋದರೆ ಅದು ಸರಿಯಾಗಿ ಕಣ್ಣಿಗೆ ಕಟ್ಟಲಿಲ್ಲ. ಅವಳಿಗೆ ಭಯವಾಯಿತು. ಕಾಫಿ ಮುಗಿಸಿ, ಅವನ ಸಹಿಯಿದ್ದ ಕಾಗದವನ್ನು ಚೀಲದಿಂದ ತಾನೇ ತೆಗೆದು ಅವನ ಕೈಗಿಟ್ಟಳು.