ಇರುವೆ ಹತ್ತದ ಮೇಜು

ನಮ್ಮ ವಕ್ಕಲೇರಿಯ ಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳನ್ನು ಇಡಲು ನಾಲ್ಕು ಕಾಲಿನ ಒಂದು ಮರದ ಅಟ್ಟಣೆ ಇತ್ತು. ಇರುವೆ ಹತ್ತಿ ಹುಳುಗಳನ್ನು ತಿನ್ನಬಾರದೆಂದು ಅದರ ಒಂದೊಂದು ಕಾಲನ್ನೂ ನೀರು ತುಂಬಿದ ಮಣ್ಣಿನ ಬಟ್ಟಲಲ್ಲಿ ಇಟ್ಟಿರುತ್ತಿದ್ದರು. ಮನೆಯವರು ಕಾಲು ತೊಳೆಯದೆ ಒಳಗೆ ಬಂದರೂ ಅಟ್ಟಣೆ ಮಾತ್ರ ಹಗಲಿರುಳು ಕಾಲು ತೊಳೆಯುತ್ತಲೇ ನಿಂತಿರುವುದನ್ನು ಕಂಡು ನನಗೆ ಅದರ ಮೇಲೆ ಬಲು ಗೌರವ. ಓದುಗ ಮಿತ್ರರೇ, ಆ ಗೌರವವೇ ನನ್ನನ್ನು ಕೆಡಿಸಿತು. ಈ ವಯಸ್ಸಿನಲ್ಲಾದರೂ ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ಕೋಲಾರದಲ್ಲಿ ಹೈಸ್ಕೂಲು ಮುಗಿಸಿ ಊರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ನಾನು ಮಕ್ಕಳಿಗೆ ಆರೋಗ್ಯದ ಪಾಠ ಹೇಳಿ ಹೇಳಿ, ಕೊನೆಗೆ ಅದನ್ನು ನಾನೇ ನಂಬಿಬಿಟ್ಟಿದ್ದೆ. ಮೊದಲ ಮಗನಿಗೆ ಆಗ ನಾಲ್ಕು ತಿಂಗಳು. ಅವನಿಗೆ ಎಣ್ಣೆ ಹಚ್ಚುವುದು, ನೀರು ಹಾಕುವುದು, ಒದ್ದೆ ಬಟ್ಟೆ ಬದಲಿಸುವುದು ಎಲ್ಲವೂ ನೆಲದ ಮೇಲೆ ಕಾಲು ಚಾಚಿ ಕುಳಿತ ನನ್ನ ಅಮ್ಮನ ಕಾಲುಗಳ ಮೇಲೆಯೇ ನಡೆಯುತ್ತಿತ್ತು. ನೆಲವೆಂದರೆ ಧೂಳು, ಧೂಳೆಂದರೆ ಕ್ರಿಮಿ. ಬಟ್ಟೆ ಬದಲಿಸಲು ಎತ್ತರದ ಮೇಜೇ ಬೇಕೆಂದು ನಾನು ತೀರ್ಮಾನಿಸಿದೆ. ಹುಳುವಿನ ಬೆಳೆ ಮುಗಿದು ಖಾಲಿ ನಿಂತಿದ್ದ ಅಟ್ಟಣೆಯ ಮೇಲೆ ಹಲಗೆ ಹಾಕಿ, ಬೇವಿನ ನೀರಿನಿಂದ ತೊಳೆದು, ಒಗೆದ ಹಳೆಯ ಸೀರೆಯನ್ನು ಮಡಿಸಿ ಹಾಸಿದೆ. ಕೈ ತೊಳೆಯದವರು ಮುಟ್ಟಕೂಡದೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದೆ. ಮನೆಯಲ್ಲಿ ನನ್ನ ಹೊರತು ಓದು ಬಲ್ಲವರು ಯಾರೂ ಇರಲಿಲ್ಲ.

“ಏನ್ಲಾ ಇದು, ಮಗೂಗೂ ಸೊಪ್ಪು ಹಾಕಿ ಗೂಡು ಕಟ್ಟಿಸ್ತೀಯಾ?” ಎಂದಳು ಅಮ್ಮ.

“ಇರುವೆ ಹತ್ತಲ್ಲ ಕಣಮ್ಮ.”

“ಇರುವೆ ಹತ್ತಲ್ಲ, ಸರಿ. ಮಗು ಬೀಳಲ್ವಾ?”

ಈ ಪ್ರಶ್ನೆ ಪಾಠಪುಸ್ತಕದಲ್ಲಿ ಇಲ್ಲದ್ದರಿಂದ ನಾನು ನಾಲ್ಕು ಬಟ್ಟಲುಗಳಿಗೂ ನೀರು ತುಂಬಲು ಹೊರಟೆ.

ಒಂದು ಭಾನುವಾರ ಬೆಳಗ್ಗೆ ಅಮ್ಮ ಹಿತ್ತಿಲಲ್ಲಿದ್ದಳು, ಹೆಂಡತಿ ರತ್ನ ಬಾವಿಯ ಬಳಿ ಇದ್ದಳು. ನಾನೇ ಮಗುವಿನ ಬಟ್ಟೆ ಬದಲಿಸುತ್ತಿದ್ದೆ. ಆಗ ಕಂಡಿತು: ಬಟ್ಟಲಿನ ನೀರಿನಲ್ಲಿ ಒಂದು ಹುಲ್ಲುಕಡ್ಡಿ ತೇಲುತ್ತಿದೆ, ಅದನ್ನೇರಿದ ಕಟ್ಟಿರುವೆಯೊಂದು ಅಂಬಿಗನ ಗತ್ತಿನಲ್ಲಿ ನನ್ನ ಮೇಜಿನ ಕಾಲಿನತ್ತ ಸಾಗುತ್ತಿದೆ! ಅದನ್ನು ತಡೆಯಲು ನಾನು ಕುಕ್ಕರಗಾಲಿನಲ್ಲಿ ಕುಳಿತೆ. ಹುಟ್ಟಿದಂದಿನಿಂದ ಬೆನ್ನ ಮೇಲೆ ಮಲಗಿ ಬೇಸತ್ತಿದ್ದ ನನ್ನ ಮಗ ಅದೇ ಗಳಿಗೆಯಲ್ಲಿ ಜೀವಮಾನದಲ್ಲಿ ಮೊದಲ ಬಾರಿಗೆ ಮಗುಚಿಕೊಂಡ. ಮಗುಚಿಕೊಂಡವನು ನನ್ನ ಬೆನ್ನ ಮೇಲೆ ಬಿದ್ದು, ಅಲ್ಲಿಂದ ಒದ್ದೆ ಬಟ್ಟೆಗಳ ರಾಶಿಗೆ ಜಾರಿದ. ಜಾರುವಾಗ ಹಣೆ ಬಟ್ಟಲಿನ ಅಂಚಿಗೆ ತಗುಲಿ ನೆಲ್ಲಿಕಾಯಿಯಷ್ಟು ದಪ್ಪದ ಬುಗುಟು ಎದ್ದಿತು.

ಅವನ ಕಿರುಚಾಟಕ್ಕೆ ಇಬ್ಬರೂ ಓಡಿಬಂದರು. ಇರುವೆಯ ಕಥೆ ಹೇಳಲು ಆರೋಗ್ಯದ ಮೇಷ್ಟರಿಗೆ ನಾಲಗೆ ಏಳಲಿಲ್ಲ.

“ಅಮ್ಮ ಅಷ್ಟೊಂದು ಎಣ್ಣೆ ಹಚ್ಚಿದ್ರೆ ಇನ್ನೇನಾಗುತ್ತೆ? ಕೈಯಿಂದ ಜಾರಿಬಿಟ್ಟ” ಎಂದೆ.

ಅಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಮರುದಿನ ರತ್ನ ಮಗುವಿಗೆ ನೀರು ಹಾಕಲು ಪಕ್ಕದ ಮನೆಯ ಅಕ್ಕಯ್ಯಮ್ಮನನ್ನು ಕರೆದಳು. ಕೇರಿಯ ಅರ್ಧ ಮಕ್ಕಳನ್ನು ತನ್ನ ಕಾಲ ಮೇಲೆ ಮೀಯಿಸಿ ದೊಡ್ಡವರನ್ನಾಗಿ ಮಾಡಿದ್ದ ಅಮ್ಮ, ತನ್ನ ಮೊಮ್ಮಗನ ಎಣ್ಣೆಬಟ್ಟಲು ಇನ್ನೊಬ್ಬಳ ಕೈಸೇರುವುದನ್ನು ಮೂಲೆಯಲ್ಲಿ ಕುಳಿತು ನೋಡಿದಳು. ನಾನು ನನ್ನ ಹಲಗೆಯನ್ನು ಇನ್ನೊಮ್ಮೆ ತೊಳೆದೆ. ಹಲಗೆಯನ್ನು ತೊಳೆಯುವುದು ಎಷ್ಟು ಸುಲಭ! ಆಡಿದ ಸುಳ್ಳಿಗೆ ಎಷ್ಟು ಬೇವು ಕುದಿಸಬೇಕೋ ತಿಳಿಯದು.

ನಾಲ್ಕನೆಯ ದಿನ ಮಧ್ಯಾಹ್ನ ಶಾಲೆಯಿಂದ ಬಂದರೆ, ಅಮ್ಮ ಕಾಲು ಚಾಚಿ ಕುಳಿತು ತನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. “ನಾ ಬಂಗಾರು ತಂಡ್ರಿ, ನನ್ನ ಚಿನ್ನದಪ್ಪ, ಮೂಗು ನೆಟ್ಟಗಾಗ್ಲಿ, ತಲೆ ಗುಂಡಗಾಗ್ಲಿ” ಎಂದು ಮಗುವಿಗೆ ಹೇಳುವುದನ್ನೆಲ್ಲ ಆ ಮೊಣಕಾಲಿಗೇ ಹೇಳುತ್ತಿದ್ದಳು. ನನಗೆ ಮೊದಲು ನಗು ಬಂತು. ಆಮೇಲೆ ಆ ಕಾಲುಗಳ ಮೇಲೆ ಮಗುವಿಲ್ಲದ್ದು ಕಂಡಿತು. ರತ್ನಳನ್ನು ಕೂಗಿ ಕರೆದೆ.

“ಎಣ್ಣೆಯಿಂದ ಅಲ್ಲ ಕಣೇ. ನಾನು ಇರುವೆ ನೋಡ್ತಾ ಬಗ್ಗಿದ್ದೆ. ಅವನು ಮಗುಚ್ಕೊಂಡು ಬಿದ್ದ.”

“ಇರುವೆ ನೋಡ್ತಿದ್ರಾ? ಏನ್ರೀ, ಮಗೂಗಿಂತ ಇರುವೆ ಹೆಚ್ಚಾಯ್ತಾ ನಿಮಗೆ?” ಎಂದವಳು ಅಮ್ಮನ ಕಡೆ ತಿರುಗಿ ಮುಖ ತಗ್ಗಿಸಿದಳು. “ಅತ್ತೆ, ನಾನು...”

“ನೀನಿರು ಕಣೇ” ಎಂದು ಅಮ್ಮ ನನ್ನನ್ನೇ ದಿಟ್ಟಿಸಿದಳು. “ಲೇ, ಕೂಸು ಮಗುಚ್ಕೊಂಡಿದ್ದು ಅವತ್ತೇನಾ? ಹೇಳಬಾರದೇನೋ ಪಾಪಿ! ಅವತ್ತೇ ಕೇರಿಗೆಲ್ಲ ಸಿಹಿ ಹಂಚ್ತಿದ್ನಲ್ಲೋ!”

ಸಿಹಿ ಹಂಚಿದ್ದಾಯಿತು, ಅಕ್ಕಯ್ಯಮ್ಮನಿಗೆ ಎರಡು ಪಾಲು ಹೋಯಿತು. ಅಟ್ಟಣೆ ಹುಳುಗಳಿಗೆ ವಾಪಸಾಯಿತು. ಅಂದಿನಿಂದ ಬಟ್ಟೆ ಬದಲಿಸುವ ಸರದಿ ನನಗೆ ಬಂದಾಗಲೆಲ್ಲ ನೆಲದ ಮೇಲೆ ಚಾಚಿದ ನನ್ನ ಕಾಲುಗಳೇ ಮೇಜು. ಅಲ್ಲಿಂದ ಬಿದ್ದರೂ ಒಂದು ಗೇಣು.

ಆಮೇಲೆ ನಮಗೆ ಇನ್ನೂ ನಾಲ್ಕು ಮಕ್ಕಳಾದವು. ನಾಲ್ವರಿಗೂ ಅಮ್ಮನೇ ನೀರು ಹಾಕಿದಳು. ಜಗಲಿಯಲ್ಲಿ ಶಾಲೆಯ ಇನ್ಸ್‌ಪೆಕ್ಟರೇ ಕುಳಿತಿರಲಿ, ಎಣ್ಣೆಬಟ್ಟಲು ಕೈಗೆ ಬಂದೊಡನೆ ಒಳಗಿನಿಂದ ಅವಳ ದನಿ ಏಳುತ್ತಿತ್ತು: “ಲೇ ಮೇಷ್ಟ್ರೇ, ಬಂದು ನೋಡೋ. ಇಷ್ಟು ಸಾಕಾ, ಇಲ್ಲಾ ಜಾರುತ್ತಾ?”

ನಾನು ಎದ್ದು ಒಳಗೆ ಹೋಗಿ, “ಇನ್ನೊಂದಿಷ್ಟು ಹಾಕಮ್ಮ” ಎನ್ನುತ್ತಿದ್ದೆ.