ಹಾಲಿನ ಪುಡಿ ಮತ್ತು ಒಂದು ಕರಿ ಗೆರೆ

ನಿನ್ನೆ ಗುಲಾಬ್ ಜಾಮೂನಿಗೆಂದು ಹಾಲಿನ ಪುಡಿಯ ಪೊಟ್ಟಣ ಕತ್ತರಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು ಉಕ್ಕಿತು. ನೀವಿಬ್ಬರೂ ಓಡಿ ಬಂದು ಅಜ್ಜಿಗೆ ಏನಾಯಿತೆಂದು ಕೇಳಿದಿರಿ. ಏನಿಲ್ಲವೆಂದು ಒಂದೊಂದು ಚಿಟಿಕೆ ಪುಡಿ ಕೈಗೆ ಹಾಕಿ ಕಳಿಸಿದೆ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳ ಬರಹ. ತಪ್ಪಿದ್ದಲ್ಲಿ ನಿಮ್ಮ ಅಪ್ಪನಿಂದ ತಿದ್ದಿಸಿಕೊಳ್ಳಿ.

ನಿಮ್ಮ ಅಜ್ಜ ಇಲ್ಲಿ ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಗುಮಾಸ್ತರಾಗಿದ್ದರು. ಅವರು ಹೋದ ಮೇಲೆ ಅಲ್ಲಿಯೇ ನನಗೊಂದು ಕೆಲಸ ಕೊಟ್ಟರು. ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯಬೇಕು, ಎರಡು ಹೊತ್ತು ಚಹಾ ಮಾಡಬೇಕು. ಕೋಥರೂಡದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮೊದಲ ಆರು ತಿಂಗಳು ನಾನು ಅಲ್ಲಿ ಆಡಿದ ಮಾತೆಲ್ಲ ಒಂದು ಅಂಚೆ ಕಾರ್ಡಿನಲ್ಲಿ ಹಿಡಿಯುತ್ತಿತ್ತು. ಎಲ್ಲರಿಗೂ ನಾನು ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ಗದಗದ ಕಡೆಯಿಂದ ಡಾಕ್ಟರೇಟಿಗೆ ಬಂದಿದ್ದ ಗಿರಿಜಾ ಮಾತ್ರ ನಮ್ಮ ಕಡೆಯ ಕನ್ನಡದಲ್ಲಿ ಕಾಕು ಎನ್ನುತ್ತಿದ್ದಳು. ಅವಳ ಎದುರು ಮಾತ್ರ ನನ್ನ ನಾಲಿಗೆ ಸ್ವಲ್ಪ ಸಡಿಲಾಗುತ್ತಿತ್ತು.

ಗಿರಿಜಾ ಬೆನ್ನು ಹತ್ತಿದ್ದು ಆರ್ನಿಥಿನ್ ಡೀಕಾರ್ಬಾಕ್ಸಿಲೇಸ್ ಎಂಬ ಕಿಣ್ವದ್ದು. ಈ ಹೆಸರನ್ನು ನಾನು ಬಸ್ಸಿನಲ್ಲಿ ಜಪದಂತೆ ಉರು ಹೊಡೆದು ಕಲಿತೆ. ನಮ್ಮ ಮೈಯ ಜೀವಕೋಶಗಳು ಬೆಳೆಯಲು ಪಾಲಿಅಮೈನು ಎಂಬ ವಸ್ತು ಬೇಕಂತೆ. ಅದನ್ನು ಮಾಡುವ ಕೆಲಸವನ್ನು ಶುರು ಮಾಡಿಕೊಡುವುದು ಈ ಕಿಣ್ವ. ನೆರೆಮನೆಯವಳು ಬಂದು ಒಲೆ ಹೊತ್ತಿಸಿ, ಚಹಾಕ್ಕೂ ನಿಲ್ಲದೆ ಹೋದಂತೆ, ಕೆಲವೇ ನಿಮಿಷಗಳಲ್ಲಿ ಅದು ಇಲ್ಲವಾಗುತ್ತದೆ. ಈ ಸ್ವಭಾವ ನನಗೆ ಬಹಳ ಹಿಡಿಸಿತು. ಜನರ ನಡುವೆ ನಾನೂ ಹಾಗೆಯೇ.

ಇಂಥದನ್ನು ಗುರುತಿಸಲು ಆ್ಯಂಟಿಬಾಡಿ ಬೇಕು. ಹೆಬ್ಬೆರಳಿಗಿಂತ ಸಣ್ಣ ಶೀಶೆ, ತಳದಲ್ಲಿ ನಾಲ್ಕು ಹನಿ. ಪರದೇಶದಿಂದ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು, ತಿಂಗಳುಗಟ್ಟಲೆ ಕಾಯಿಸಿ ಬಂದಿತ್ತು. ಮದುವೆಮನೆಯಲ್ಲಿ ಒಬ್ಬ ಸೋದರತ್ತೆ ಇರುತ್ತಾಳೆ ನೋಡಿ, ಐನೂರು ಮಂದಿಯ ನಡುವೆ ನುಗ್ಗಿ ಬಂದು ಒಬ್ಬಳದೇ ಗದ್ದ ಹಿಡಿದು, ನೀ ನಮ್ಮ ಶಾಂತವ್ವನ ಮಗಳಲ್ಲೇನ ಎನ್ನುವವಳು. ಆ್ಯಂಟಿಬಾಡಿ ಎಂದರೆ ಅವಳೇ. ಜೀವಕೋಶಗಳ ರಸವನ್ನು ಬಿಳಿ ಕಾಗದದಂಥ ಪಟ್ಟಿಗೆ ಇಳಿಸಿ ಈ ಅತ್ತೆಯನ್ನು ಬಿಟ್ಟರೆ ತನ್ನವಳನ್ನು ಮಾತ್ರ ಹಿಡಿಯುತ್ತಾಳೆ. ಕೊನೆಗೆ ಆ ಪಟ್ಟಿಯ ಮೇಲೆ ಒತ್ತಿಟ್ಟ ಫೋಟೋ ಫಿಲ್ಮನ್ನು ಕತ್ತಲೆಕೋಣೆಯಲ್ಲಿ ತೊಳೆದಾಗ ಅಲ್ಲೊಂದು ಕರಿ ಗೆರೆ ಕಾಣುತ್ತದೆ.

ಆದರೆ ಅತ್ತೆಯನ್ನು ಬಿಡುವ ಮೊದಲು ಆ ಪಟ್ಟಿಯನ್ನು ಹಾಲಿನಲ್ಲಿ ನೆನೆಹಾಕಬೇಕು. ನಗಬೇಡಿ, ನಿಜ. ಕೆನೆ ತೆಗೆದ ಹಾಲಿನ ಪುಡಿ ಕದಡಿದ ನೀರು. ಪಟ್ಟಿಯ ಖಾಲಿ ಜಾಗದಲ್ಲೆಲ್ಲ ಹಾಲು ಕೂತುಬಿಟ್ಟರೆ ಅತ್ತೆಗೆ ಕಂಡಕಂಡಲ್ಲಿ ಕೂರಲು ಜಾಗ ಸಿಗುವುದಿಲ್ಲ. ಅಷ್ಟೆಲ್ಲ ಯಂತ್ರಗಳ ನಡುವೆ ನನಗೆ ಗುರುತಿದ್ದ ವಸ್ತು ಆ ಹಾಲಿನ ಪುಡಿಯ ಡಬ್ಬಿಯೊಂದೇ. ತವರಿನವರನ್ನು ಕಂಡಂತೆ ದಿನವೂ ಒರೆಸಿ ಇಡುತ್ತಿದ್ದೆ.

ಹಾಗೆ ಒರೆಸುವಾಗ ಒಂದು ಸಂಜೆ ಡಬ್ಬಿಯ ತಳ ಕಂಡಿತು. ನಮ್ಮಲ್ಲಿ ಅಕ್ಕಿ, ಹಿಟ್ಟು, ಹಾಲು ಇಡುವ ಪಾತ್ರೆಯನ್ನು ಬರಿದು ಮಾಡಿ ಮಲಗುವ ಪದ್ಧತಿಯಿಲ್ಲ. ನನ್ನ ಕೈ ಕೇಳಲಿಲ್ಲ. ಚಹಾಕ್ಕೆ ಹಾಕುವ ಹಾಲಿನ ಪುಡಿಯ ಪೊಟ್ಟಣ ಒಡೆದು ಡಬ್ಬಿಯನ್ನು ಕಂಠಮಟ ತುಂಬಿದೆ. ಮೇಲೆ ಚಮಚದಿಂದ ಸಮ ಮಾಡಿ, ಪುಣ್ಯದ ಕೆಲಸ ಮಾಡಿದವಳಂತೆ ಬಸ್ಸು ಹತ್ತಿದೆ.

ಆ ವಾರ ಗಿರಿಜಾಳ ಫಿಲ್ಮು ಪೂರ್ತಿ ಕರಿ. ಎರಡನೆಯ ಸಲವೂ ಕರಿ, ಮೂರನೆಯ ಸಲವೂ. ಅತ್ತೆ ಅಡಿಗೆಯವನು, ಬಾಜಾದವನು, ಚಪ್ಪಲಿ ಕಾಯುವವನು ಎಲ್ಲರ ಗದ್ದ ಹಿಡಿದು ನಮ್ಮವನೇ ಎಂದಿದ್ದಳು. ಶೀಶೆಯಲ್ಲಿ ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಗಿರಿಜಾ ಊಟದ ಡಬ್ಬಿ ತೆರೆಯುವುದನ್ನೇ ಬಿಟ್ಟಳು. ಸರ್ ಎಂದರೆ ಪ್ರಯೋಗಾಲಯದ ಮುಖ್ಯಸ್ಥರು, ಮರಾಠಿಯವರು. ಅವರು ಅವಳನ್ನು ಕೋಣೆಗೆ ಕರೆದು, ಆ್ಯಂಟಿಬಾಡಿಯೇ ಸರಿಯಿಲ್ಲ, ಈ ಕಿಣ್ವ ಬಿಟ್ಟು ಬೇರೆ ವಿಷಯ ಹಿಡಿ ಎಂದರು. ಎರಡು ವರ್ಷದ ದುಡಿಮೆ ನೀರುಪಾಲು.

ನಾನು ಚಹಾದ ತಾಟು ಹಿಡಿದು ಅಲ್ಲೇ ನಿಂತಿದ್ದೆ. ಈ ನಡುವೆ ಏನಾದರೂ ಬದಲಾಯಿಸಿದ್ದೀಯಾ ಎಂದು ಸರ್ ಒಂದೊಂದಾಗಿ ಕೇಳುತ್ತಿದ್ದರು. ಜೀವಕೋಶ ಅವೇ. ಪಟ್ಟಿ ಅದೇ. ಹಾಲು? ಅದೇ ಡಬ್ಬಿ ಸರ್, ಎಂದಳು ಗಿರಿಜಾ. ನಾನು ತಾಟನ್ನು ಮೇಜಿನ ಮೇಲಿಟ್ಟೆ.

ಡಬ್ಬಿ ಅದೇ, ಹಾಲು ಅದಲ್ಲ.

ಹೊರಗೆ ಬಂದು ತೊಳೆದಿದ್ದ ಗಾಜಿನ ಪಾತ್ರೆಯನ್ನೇ ಮೂರು ಸಲ ತೊಳೆದೆ. ಹೇಳಿದರೆ ಕೆಲಸ ಹೋಗುತ್ತದೆ, ನಿಮ್ಮ ಅಪ್ಪ ಆಗ ಒಂಬತ್ತನೆಯ ಇಯತ್ತೆ. ಅಷ್ಟರಲ್ಲಿ ಗಿರಿಜಾ ಬಂದು, ಫ್ರಿಜ್ಜಿನಲ್ಲಿದ್ದ ತನ್ನ ಪೆಟ್ಟಿಗೆಯ ಮೇಲಿನ ಹೆಸರಿನ ಚೀಟಿಯನ್ನು ಉಗುರಿನಿಂದ ಕೀಳತೊಡಗಿದಳು. ಅದನ್ನು ನೋಡಲಾಗಲಿಲ್ಲ. ಅವಳ ಕೈ ಹಿಡಿದು ಸರ್ ಕೋಣೆಗೆ ಎಳೆದುಕೊಂಡು ಹೋದೆ. ಕಲಿತಿದ್ದ ಮರಾಠಿಯೆಲ್ಲ ಅಲ್ಲಿ ಮಾಯವಾಯಿತು.

"ಆ ಡಬ್ಬಿ ತುಂಬಿದಾಕಿ ನಾನ್ರಿ," ಎಂದೆ. "ಚಾಕ್ಕ ಹಾಕೋ ಹಾಲಿನ ಪುಡಿ ಹಾಕೇನಿ. ಸಕ್ಕರಿ ಇದ್ದದ್ದು."

ಸರ್ ಗಿರಿಜಾಳ ಮುಖ ನೋಡಿದರು. ಅವಳು ಮರಾಠಿಯಲ್ಲಿ ತಿಳಿಸಿದಳು. ಸರ್ ಎದ್ದು ಹೋಗಿ ಡಬ್ಬಿ ತೆರೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಇಲ್ಲಿಯ ಯಾವ ವಸ್ತುವನ್ನೂ ಬಾಯಿಗೆ ಹಾಕಬಾರದು ಎಂದು ಗೋಡೆಗೆ ಬರೆಸಿದವರೇ ಅವರು. ಚಪ್ಪರಿಸಿ, ಇನ್ನೊಂದು ಚಿಟಿಕೆ ಹಾಕಿಕೊಂಡರು. ಆಮೇಲೆ, ಇಷ್ಟು ತುಟ್ಟಿಯ ಆ್ಯಂಟಿಬಾಡಿಗೆ ಮೂರು ಸಲ ಪಾಯಸ ಉಣಿಸಿದ್ದೀರಿ ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಪುಡಿಯಲ್ಲಿ ಸಕ್ಕರೆ ಸೇರಿದ್ದರಿಂದ ಹಾಲಿನ ಪಾಲು ಕಡಿಮೆಯಾಗಿತ್ತು, ಪಟ್ಟಿಯ ತುಂಬ ಖಾಲಿ ಜಾಗ ಉಳಿದಿತ್ತು ಎಂದು ಗಿರಿಜಾ ನನಗೆ ಬಿಡಿಸಿ ಹೇಳಿದಳು. ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ.

ಮರುದಿನ ಹೊಸ ಪುಡಿ ತಂದು, ಉಳಿದ ಕೊನೆಯ ಹನಿ ಬಳಸಿ ಮಾಡಿದಳು. ಫಿಲ್ಮು ತೊಳೆಯುವ ಹೊತ್ತಿಗೆ ನಾನು ಹೊರಗೇ ಉಳಿದಿದ್ದೆ.

"ಒಳಗ ಬರ್ರಿ ಕಾಕು," ಎಂದಳು. "ಕೆಡಿಸಿದವ್ರು ನೋಡಬೇಕಲ್ಲ."

ಕೆಂಪು ದೀಪದಡಿ ಅವಳ ಉಸಿರು ನನಗೆ ಕೇಳುತ್ತಿತ್ತು. ನೀರಿನಲ್ಲಿ ಫಿಲ್ಮು ಅಲುಗಿತು. ಮೊದಲು ಏನೂ ಇಲ್ಲ. ಆಮೇಲೆ ಹುಬ್ಬು ತೀಡಿದಂತೆ ಒಂದು ಗೆರೆ. ಸುತ್ತಮುತ್ತ ಎಲ್ಲ ತಿಳಿ. ಐನೂರು ಮಂದಿಯಲ್ಲಿ ಒಬ್ಬಳೇ ಶಾಂತವ್ವನ ಮಗಳು.

ಗಿರಿಜಾ ನನ್ನನ್ನು ಹೊರಗೆಳೆದು ಎರಡೂ ಕೈ ಹಿಡಿದಳು. ನಾವು ಫುಗಡಿ ಆಡಿದೆವು ಮಕ್ಕಳೇ, ಪಂಚಮಿಗೆ ಹುಡುಗಿಯರು ಆಡುವಂತೆ, ಗರಗರ ತಿರುಗಿ, ಆ ಉದ್ದನೆಯ ಪಡಸಾಲೆಯಲ್ಲಿ. ನಿಮ್ಮ ಅಜ್ಜ ಹೋದ ಮೇಲೆ ನಾನು ಜೋರಾಗಿ ನಕ್ಕದ್ದೇ ಅದು ಮೊದಲು. ನನ್ನ ಒಂದು ಚಪ್ಪಲಿ ಹಾರಿ ಸರ್ ಬಾಗಿಲಿಗೆ ಬಡಿಯಿತು. ಅವರು ಬಾಗಿಲು ತೆರೆದು ನಮ್ಮನ್ನು ನೋಡಿದರು, ಚಪ್ಪಲಿಯನ್ನು ನೋಡಿದರು, ಮೆಲ್ಲಗೆ ಬಾಗಿಲು ಹಾಕಿಕೊಂಡರು.

ಗಿರಿಜಾ ಈಗ ಬೇರೆ ಊರಿನಲ್ಲಿ ತನ್ನದೇ ಪ್ರಯೋಗಾಲಯ ನಡೆಸುತ್ತಾಳೆ. ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ಯಾವಾಗಲೂ ಅವಳೇ. ನಾನಾಗಿ ಯಾರಿಗೂ ಫೋನು ಮಾಡಿದವಳಲ್ಲ, ಅವರಿಗೆ ಏನು ಕೆಲಸವಿರುತ್ತದೋ ಎಂಬ ಸಂಕೋಚ. ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟೆ. ನಂಬರು ಒತ್ತಿದೆ.

"ಕಾಕು? ಏನಾತ್ರಿ? ಆರಾಮ ಅದೀರಿಲ್ಲ?" ಅವಳ ದನಿಯಲ್ಲಿ ಗಾಬರಿ.

"ಆರಾಮ ಅದೀನಿ," ಎಂದೆ. "ಮಾತಾಡಬೇಕನಿಸ್ತು, ಮಾಡಿದೆ."

ಆಮೇಲೆ ಮುಕ್ಕಾಲು ಗಂಟೆ ಅವಳಿಗೆ ಬಾಯಿ ತೆರೆಯಲು ನಾನು ಬಿಡಲಿಲ್ಲ.